ಸುಜ್ಞಾನಮ್ಮನ ಮೂರು ನಿಟ್ಟುಸಿರು

ಒಂದು ರಾಜ್ಯ ಇತ್ತು. ಎಲ್ಲಿತ್ತು ಅಂತ ಕೇಳಬೇಡಿ. ಹೇಳಿದ್ರೆ ನಾಳೆ ಬೆಳಿಗ್ಗೆ ಆ ಊರಿನೋರು ನನ್ನ ಬಾಗಿಲಲ್ಲಿ ನಿಂತಿರ್ತಾರೆ, “ನಮ್ಮ ಮೇಲೆ ಏನಜ್ಜಿ ಕಥೆ ಕಟ್ಟಿದ್ದು?” ಅಂತ. ಇತ್ತು, ಅಷ್ಟು ಸಾಕು. ಆ ರಾಜ್ಯಕ್ಕೊಬ್ಬ ರಾಜ. ಆ ರಾಜನಿಗೊಬ್ಬ ಡಂಗುರದವನು, ಕೆಂಚ ಅಂತ. ರಾಜ ಏನು ಅಪ್ಪಣೆ ಕೊಟ್ರೂ ಕೆಂಚ ತಮಟೆ ಹೊಡ್ಕೊಂಡು ಬೀದಿ ಬೀದೀಲಿ ಸಾರಬೇಕು.

ಒಂದು ದಿನ ಕೆಂಚ ರಾಜನ ಮುಂದೆ ಬಂದು ತಮಟೆ ಕೆಳಗಿಟ್ಟ.

“ಮಾಸ್ವಾಮಿ, ಇನ್ನು ನನ್ನ ಕೈಲಿ ಆಗಲ್ಲ.”

“ಯಾಕೋ?”

“ನಾನು ತಮಟೆ ಕಾಯಿಸೋ ಹೊತ್ತಿಗೇ ಊರಿಗೆಲ್ಲ ಸುದ್ದಿ ಗೊತ್ತಾಗಿರುತ್ತೆ. ಮೊನ್ನೆ ‘ಕೇಳ್ರಪ್ಪೋ ಕೇಳಿ’ ಅಂದೆ. ಮೂಗು ಸುರಿಸ್ಕೊಂಡಿರೋ ಒಂದು ಮಗು ‘ಗೊತ್ತು ಹೋಗೋ ಮಾವ’ ಅಂತು.”

“ಯಾರಯ್ಯಾ ಅದು, ನಿನಗಿಂತ ಜೋರಾಗಿ ಸಾರೋರು?”

“ಜೋರಾಗಿ ಸಾರಲ್ಲ ಮಾಸ್ವಾಮಿ. ಕಣ್ಣು ಮುಚ್ಕೊಂಡು ಮೆಲ್ಲಗೆ ಹೇಳ್ತಾರೆ.”

ರಾಜನಿಗೆ ಅರ್ಥ ಆಗಲಿಲ್ಲ. ಮೆಲ್ಲಗೆ ಹೇಳೋರು ಯಾರು ಅಂತ ನಿಮಗೆ ನಾನು ಹೇಳ್ತೀನಿ, ಹತ್ರ ಬನ್ನಿ. ಅಬ್ಬಬ್ಬಾ, ಎಷ್ಟು ಬೇಗ ಹತ್ರ ಬಂದ್ರಿ! ದೇವರ ವಾಕ್ಯ ಓದ್ತೀನಿ ಅಂದಾಗ ಗೋಡೆಗೆ ಒರಗಿ ಆಕಳಿಸ್ತಿದ್ರಿ. ಇರಲಿ, ಕೂತ್ಕೊಳ್ಳಿ.

ಊರಿನ ಮೂಡಲಿಗೆ ಒಂದು ಕೆರೆ. ಕೆರೆ ಕೆಳಗೆ ಕ್ರೈಸ್ತರ ಬೀದಿ. ಬೀದಿ ಕೊನೇಲಿ ಸುಣ್ಣ ಬಳಿದ ಚಿಕ್ಕ ಚರ್ಚು, ಅದಕ್ಕೊಂದು ಗಂಟೆ, ಸಭೆಗೊಬ್ಬರು ಪಾದ್ರಿ, ಎಲ್ಲರೂ ಅಯ್ಯನವರು ಅನ್ನೋರು. ಆ ಬೀದೀಲಿ ಒಂದು ಒಳ್ಳೇ ಪದ್ಧತಿ ಇತ್ತು. ಪ್ರತಿ ಬುಧವಾರ ಸಂಜೆ ಹೆಂಗಸರೆಲ್ಲ ಒಬ್ಬರ ಮನೇಲಿ ಸೇರೋರು. ಚಾಪೆ ಹಾಸೋರು. ಕೀರ್ತನೆ ಹಾಡೋರು. ಆಮೇಲೆ ಮನೆಯಾಕೆ ಕೇಳೋಳು, “ಪ್ರಾರ್ಥನೆಗೆ ಏನಾದ್ರೂ ವಿಷಯ ಇದ್ಯಾ?” ಒಬ್ಬಳು ಮಗೂಗೆ ಜ್ವರ ಅನ್ನೋಳು. ಒಬ್ಬಳು ಹಸು ಗಬ್ಬ ನಿಲ್ತಿಲ್ಲ ಅನ್ನೋಳು. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡೋರು, ಮನೆಗೆ ಹೋಗೋರು.

ಆ ಬೀದೀಲೇ ಸುಜ್ಞಾನಮ್ಮ ಇದ್ದಳು. ಸುಜ್ಞಾನಮ್ಮ ಯಾರ ಮೇಲೂ ಚಾಡಿ ಹೇಳೋಳಲ್ಲ. ನಂಬಿಕೆ ಇಲ್ದಿದ್ರೆ ಅವಳನ್ನೇ ಕೇಳಬಹುದಿತ್ತು. ಅವಳು ಮಾಡ್ತಿದ್ದದ್ದು ಪ್ರಾರ್ಥನೆ. ತನ್ನ ಸರದಿ ಬಂದ್ರೆ ಸೆರಗು ತಲೆ ಮೇಲೆ ಎಳ್ಕೊಳ್ಳೋಳು, ಕಣ್ಣು ಮುಚ್ಚೋಳು, ಒಂದು ನಿಟ್ಟುಸಿರು ಬಿಡೋಳು. ನಿಟ್ಟುಸಿರು ಕೇಳಿದ ತಕ್ಷಣ ಚಾಪೆ ಮೇಲಿದ್ದ ಹೆಂಗಸರೆಲ್ಲ ಒಂದೊಂದು ಗೇಣು ಮುಂದಕ್ಕೆ ಸರಿಯೋರು.

“ನಾನು ಹೆಸರು ಹೇಳಲ್ಲಮ್ಮಾ,” ಅನ್ನೋಳು. “ಬಾವಿ ಪಕ್ಕದ ಮನೆ, ಹಸಿರು ಬಾಗಿಲು, ಎರಡನೇ ಸೊಸೆ. ಅಷ್ಟೇ ಹೇಳೋದು. ಅವಳಿಗೋಸ್ಕರ ಭಾರವಾಗಿ ಪ್ರಾರ್ಥನೆ ಮಾಡಿ. ಯಾರಿಗೂ ಹೇಳಬೇಡಿ ಮತ್ತೆ.”

ಹೆಂಗಸರು ಯಾರಿಗೂ ಹೇಳ್ತಿರಲಿಲ್ಲ. ಗಂಡನಿಗೆ ಹೇಳೋರು, ಅವನೇನು ಹೊರಗಿನವನಾ? ಗೋಡೆ ಆಚೆಯವಳಿಗೆ ಹೇಳೋರು, ಅವಳೂ ಪ್ರಾರ್ಥನೆ ಮಾಡಲಿ ಅಂತ. ಬಾವಿ ಕಟ್ಟೇಲಿ ಹೇಳೋರು, ಎಷ್ಟು ಜನ ಪ್ರಾರ್ಥಿಸಿದ್ರೆ ಅಷ್ಟು ಒಳ್ಳೇದಲ್ವಾ? ಬೆಳಗಾಗೋ ಹೊತ್ತಿಗೆ ಅರಮನೆ ಅಡಿಗೆಮನೇಲೂ ಆ ಎರಡನೇ ಸೊಸೆಗೋಸ್ಕರ ಪ್ರಾರ್ಥನೆ ನಡೀತಿರ್ತಿತ್ತು. ಅದೇ ದಾರೀಲಿ ಅರಮನೆ ಸುದ್ದಿನೂ ಬೀದಿಗೆ ವಾಪಸ್ ಬರ್ತಿತ್ತು, ಕೆಂಚನ ತಮಟೆಗಿಂತ ಮುಂಚೆ.

ಸುಜ್ಞಾನಮ್ಮನ ಮನೇಲಿ ಹಿಂದೆ ಅವಳ ಮಾವ ಎಲೀಷಪ್ಪ ಇದ್ದ. ಮೊದಲು ಚರ್ಚಿನ ಗಂಟೆ ಹೊಡೀತಿದ್ದ ಮುದುಕ. ರಾತ್ರಿಯೆಲ್ಲ ಕೆಮ್ಮೋನು. ಕೆಮ್ಮಿಗೆ ಬೇಜಾರಾಗಿ ಅವಳು ಅವನನ್ನ ಪಕ್ಕದ ರಾಜ್ಯದಲ್ಲಿರೋ ದೊಡ್ಡ ಮಗನ ಮನೆಗೆ ಸಾಗಹಾಕಿದ್ದಳು. “ನಮ್ಮ ಮಾವ ಅಲ್ಲಿ ದಿನಾ ತುಪ್ಪ ಹಾಕ್ಕೊಂಡು ಉಣ್ತಿದಾರೆ, ದೇವರಿಗೆ ಸ್ತೋತ್ರ” ಅಂತ ಬುಧವಾರ ಬುಧವಾರ ಸಾಕ್ಷಿ ಹೇಳೋಳು.

ಇನ್ನು ತಬಿಥಾ ಅನ್ನೋ ಹುಡುಗಿ ವಿಷಯ. ಅಪ್ಪ ಅಮ್ಮ ಇಲ್ಲ, ಅಜ್ಜಿ ರೂತಮ್ಮ ಸಾಕಿದ್ದು. ಎಲ್ಲರೂ ರೂತಜ್ಜಿ ಅನ್ನೋರು. ತಬಿಥಾ ಬೀದಿಯವರ ರವಿಕೆ ಹೊಲಿಯೋಳು, ಅರಮನೆಯ ದಿಂಬುಗಳನ್ನೂ ಹೊಲಿಯೋಳು. ಮಾತು ಕಮ್ಮಿ. ಅರಮನೆಯ ಕುದುರೆ ಲಾಯ ನೋಡ್ಕೊಳ್ಳೋ ಸಮಾಧಾನ ಅನ್ನೋ ಹುಡುಗನ ಜತೆ ಅವಳ ಮದುವೆ ಗೊತ್ತಾಗಿತ್ತು.

ಆ ವರ್ಷ ಕ್ರಿಸ್‌ಮಸ್ ಹಬ್ಬಕ್ಕೆ ಸುಜ್ಞಾನಮ್ಮ ನೀಲಿ ರೇಷ್ಮೆ ರವಿಕೆ ಹೊಲಿಸಿದಳು. ಅಳತೆಗೆ ಅಂತ ಒಂದು ಹಳೇ ರವಿಕೆ ಕೊಟ್ಟಳು. ಯಾವುದು ಗೊತ್ತಾ? ಅವಳು ಮದುವೆಯಾಗಿ ಬಂದಾಗ ಹಾಕ್ಕೊಳ್ತಿದ್ದದ್ದು! ತಬಿಥಾ ಪಾಪ, ಕೊಟ್ಟ ಅಳತೆಗೆ ಸರಿಯಾಗಿ ಹೊಲಿದಳು. ಹಬ್ಬದ ದಿನ ಚರ್ಚಿನಲ್ಲಿ, ಎಲ್ಲರೂ ಕೀರ್ತನೆಗೆ ಅಂತ ಎದ್ದು ನಿಂತಾಗ, ಸುಜ್ಞಾನಮ್ಮನ ರವಿಕೆ ತೋಳು ಪರ್ ಅಂತ ಹರೀತು. ಹಿಂದಿನ ಸಾಲಿನ ಮಕ್ಕಳು ಕಿಸಕ್ ಅಂದ್ರು. ಸುಜ್ಞಾನಮ್ಮ ತಬಿಥಾಳನ್ನ ನೋಡಿ ನಕ್ಕು, “ಪರವಾಗಿಲ್ಲಮ್ಮ, ಕ್ಷಮಿಸಿದ್ದೀನಿ” ಅಂದಳು. ಅವಳು ಹಾಗಂದ ದಿನವೇ ಆ ಹುಡುಗಿ ಕಥೆ ಮುಗೀತು ಅಂತ ತಿಳ್ಕೊಳ್ಳಿ.

ನಮ್ಮ ಸಭೆಗಳಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಪ್ರಕಟಣೆ ಓದಬೇಕು, ನಿಮಗೇ ಗೊತ್ತು. ಮೊದಲ ಭಾನುವಾರ ಅಯ್ಯನವರು ಓದಿದ್ರು. “ಸಮಾಧಾನನಿಗೂ ತಬಿಥಾಳಿಗೂ ಮದುವೆ ಗೊತ್ತಾಗಿದೆ. ಅಡ್ಡಿ ಇರೋರು ಎದ್ದು ನಿಂತು, ಕಣ್ಣಾರೆ ಕಂಡದ್ದನ್ನ ಇಲ್ಲೇ ಎಲ್ಲರ ಮುಂದೆ ಹೇಳಿ.” ಯಾರೂ ಏಳಲಿಲ್ಲ. ಸುಜ್ಞಾನಮ್ಮ ಕೈ ಕಟ್ಕೊಂಡು ಕೂತಿದ್ದಳು.

ಬುಧವಾರ ಬಂತು. ಸೆರಗು ತಲೆಗೇರಿತು. ಕಣ್ಣು ಮುಚ್ಚಿತು. ಮೊದಲನೇ ನಿಟ್ಟುಸಿರು ಬಂತು.

“ನಾನು ಹೆಸರು ಹೇಳಲ್ಲ. ಹೊಲಿಗೆ ಹುಡುಗಿ. ಸಂಜೆ ಆದ್ರೆ ತಲೆ ಮೇಲೆ ಮುಸುಕು ಹಾಕ್ಕೊಂಡು, ಕಂಕುಳಲ್ಲಿ ಗಂಟು ಇಟ್ಕೊಂಡು, ಕೆರೆ ದಾಟಿ ಹಾಳು ಕೋಟೆ ಕಡೆ ಹೋಗ್ತಾಳೆ. ಯಾಕೆ ಹೋಗ್ತಾಳೆ ಅಂತ ನಾನು ಹೇಳಲ್ಲ. ಪ್ರಾರ್ಥನೆ ಮಾಡಿ.”

ಅವಳು ನೋಡಿದ್ದು ಅಷ್ಟೇ. ಬಾವಿ ಕಟ್ಟೆ ತಲುಪೋ ಹೊತ್ತಿಗೆ ಗಂಟಿನಲ್ಲಿ ಬಟ್ಟೆ ಸೇರಿತು, ಅದೂ ಗಿರಾಕಿಗಳ ಬಟ್ಟೆ. ಮರುದಿನ ಬೆಳಿಗ್ಗೆಯಿಂದ ಒಬ್ಬೊಬ್ಬರೇ ಬಂದು, “ನಮ್ಮ ಬಟ್ಟೆ ಹೊಲೀದಿದ್ರೂ ಪರವಾಗಿಲ್ಲ ಕಣಮ್ಮ, ಕೊಟ್ಬಿಡು” ಅಂತ ವಾಪಸ್ ತಗೊಂಡು ಹೋದ್ರು.

ಎರಡನೇ ಭಾನುವಾರ ಅಯ್ಯನವರು ಮತ್ತೆ ಓದಿದ್ರು, ಅಡ್ಡಿ ಇರೋರು ಏಳಿ ಅಂದ್ರು. ಯಾರೂ ಏಳಲಿಲ್ಲ. ಬುಧವಾರ ಎರಡನೇ ನಿಟ್ಟುಸಿರು ಬಂತು.

“ಕೋಟೆಯ ಹಾಳು ಮಂಟಪದಲ್ಲಿ ಒಬ್ಬ ಗಂಡಸು ಇದಾನೆ. ದೂರದಿಂದ ನೋಡಿದೆ, ಕಂಬಳಿ ಹೊದ್ದಿದ್ದ. ಯಾರು ಅಂತ ನನಗೇನು ಗೊತ್ತು? ಪ್ರಾರ್ಥನೆ ಮಾಡಿ, ಭಾರವಾಗಿ ಮಾಡಿ.”

ಅರಮನೆ ಅಡಿಗೆಮನೆ ತಲುಪೋ ಹೊತ್ತಿಗೆ ಆ ಗಂಡಸು ಕಳ್ಳ ಆಗಿದ್ದ, ಗಂಟಿನಲ್ಲಿ ರಾಣಿಯ ಬೆಳ್ಳಿ ಬಟ್ಟಲು ಇತ್ತು. ರಾಣಿಯ ಬಟ್ಟಲು ರಾಣಿ ಕೈಯಲ್ಲೇ ಇತ್ತು, ಅವಳು ಅದರಲ್ಲಿ ಹಾಲು ಕುಡೀತಾ ಈ ಸುದ್ದಿ ಕೇಳಿದಳು. ಆದ್ರೂ ಅರಮನೆಯಿಂದ ದಿಂಬು ಬರೋದು ನಿಂತೋಯ್ತು.

ಮೂರನೇ ಭಾನುವಾರ ಪ್ರಕಟಣೆ ಓದಿದಾಗ ಸಮಾಧಾನನ ತಾಯಿ ಲುದ್ಯಮ್ಮ ಅರ್ಧ ಎದ್ದಳು. ಸಭೆಯೆಲ್ಲ ತಿರುಗಿ ನೋಡಿತು.

“ಏನಮ್ಮಾ? ಏನು ನೋಡಿದ್ರಿ, ಹೇಳಿ,” ಅಂದ್ರು ಅಯ್ಯನವರು.

ಲುದ್ಯಮ್ಮ ಏನೂ ನೋಡಿರಲಿಲ್ಲ. ನೋಡಿದವಳ ಕಡೆ ತಿರುಗಿದಳು. ಸುಜ್ಞಾನಮ್ಮ ಕೀರ್ತನೆ ಪುಸ್ತಕದಲ್ಲಿ ಮುಖ ಹುದುಗಿಸಿ ಪುಟ ಹುಡುಕ್ತಾ ಇದ್ದಳು.

“ಏನಿಲ್ಲ ಅಯ್ಯನವರೇ, ಕಾಲು ಜೋಮು ಹಿಡೀತು,” ಅಂತ ಲುದ್ಯಮ್ಮ ಕೂತ್ಕೊಂಡಳು.

ಕೂತಳು, ಆದ್ರೆ ಮನೆಗೆ ಬಂದು ಮಗನಿಗೆ ಕಡ್ಡಿ ಮುರಿದ ಹಾಗೆ ಹೇಳಿದಳು. “ಈ ಬುಧವಾರ ಪ್ರಾರ್ಥನೆ ನಮ್ಮ ಮನೇಲಿ. ಎಲ್ಲರ ಮುಂದೆ ಹೇಳ್ಬಿಡ್ತೀನಿ, ಗುರುವಾರದ ಮದುವೆ ಇಲ್ಲ ಅಂತ. ನನ್ನ ಮನೆಗೆ ಕೆಟ್ಟ ಹೆಸರು ತರೋ ಸೊಸೆ ಬೇಡ.”

ಸಮಾಧಾನ ಕೆರೆ ಹತ್ರ ತಬಿಥಾಳನ್ನ ಕಂಡ. “ಮಂಟಪದಲ್ಲಿರೋದು ಯಾರು? ಒಂದು ಮಾತು ಹೇಳು, ಅಮ್ಮನ್ನ ನಾನು ಒಪ್ಪಿಸ್ತೀನಿ.”

“ಹೇಳಲ್ಲ ಅಂತ ಅವರಿಗೆ ಮಾತು ಕೊಟ್ಟಿದೀನಿ.”

“ಮದುವೆ ಮುರಿದು ಬೀಳುತ್ತೆ ಕಣೇ!”

“ಗೊತ್ತು,” ಅಂದಳು ತಬಿಥಾ. ಅಂದು ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತಳು. ಸಮಾಧಾನನಿಗೂ ಅಳು ಬಂತು. ಆದ್ರೂ ಅವಳು ಹೇಳಲಿಲ್ಲ. ನನಗಂತೂ ಕಥೇಲಿ ಈ ಜಾಗ ಬಂದಾಗೆಲ್ಲ ಹೊಟ್ಟೆ ಉರಿಯುತ್ತೆ. ಬಾಯಿ ಬಿಡಬೇಕಾದವಳು ಬಾಯಿ ಕಟ್ಕೊಂಡು ಕೂತಿದ್ದಾಳೆ, ಬಾಯಿ ಮುಚ್ಚಬೇಕಾದವಳು ಊರಿಗೆಲ್ಲ ಪ್ರಾರ್ಥನೆ ಹಂಚ್ತಿದ್ದಾಳೆ.

ಬುಧವಾರ ಬಂತು. ಲುದ್ಯಮ್ಮನ ಮನೆ ತುಂಬಾ ಹೆಂಗಸರು. ಯಾವತ್ತೂ ಬರದವರೂ ಬಂದಿದ್ರು. ಭಕ್ತಿ ಅಷ್ಟು ಉಕ್ಕಿತ್ತು. ಹೊಸ್ತಿಲ ಹತ್ರ ಕೋಲು ಊರಿಕೊಂಡು ರೂತಜ್ಜಿನೂ ಬಂದು ಕೂತಳು. ಮೊಣಕಾಲು ನೋವು ಅಂತ ಅವಳು ಈ ಕಡೆ ತಲೆ ಹಾಕಿ ವರ್ಷಗಳಾಗಿತ್ತು. ತಬಿಥಾ ಬಂದಿರಲಿಲ್ಲ.

ಕೀರ್ತನೆ ಆಯ್ತು. ಸೆರಗು ತಲೆಗೇರಿತು. ಕಣ್ಣು ಮುಚ್ಚಿತು. ಮೂರನೇ ನಿಟ್ಟುಸಿರು ಬಂತು, ಮೊದಲಿನ ಎರಡಕ್ಕಿಂತ ಉದ್ದ.

“ಆ ಹುಡುಗಿ ಆತ್ಮಕ್ಕೋಸ್ಕರ ನನಗೆ ರಾತ್ರಿ ನಿದ್ದೆ ಇಲ್ಲ,” ಅಂದಳು ಸುಜ್ಞಾನಮ್ಮ. “ಅಷ್ಟು ಭಾರ ನನ್ನೆದೆ ಮೇಲೆ.”

“ಅಯ್ಯೋ ನನ್ನ ತಾಯಿ!” ಅಂದಳು ರೂತಜ್ಜಿ. “ನನ್ನ ಮೊಮ್ಮಗಳಿಗೋಸ್ಕರ ಇಷ್ಟು ಸಂಕಟ ಪಡ್ತಿದೀಯಲ್ಲ! ಅವಳು ಈಗಲೂ ಅಲ್ಲೇ ಹೋಗಿದಾಳೆ, ಮಂಟಪಕ್ಕೆ. ಇಲ್ಲಿ ಕೂತು ಯಾಕೆ ಪ್ರಾರ್ಥನೆ ಮಾಡ್ತೀಯ? ಏಳು, ಎಲ್ಲರೂ ಅಲ್ಲಿಗೇ ಹೋಗೋಣ. ಅವಳ ಮುಂದೆ, ಆ ಗಂಡಸಿನ ಮುಂದೆ, ನೀನೇ ಪ್ರಾರ್ಥನೆ ನಡೆಸು.”

ಸುಜ್ಞಾನಮ್ಮ ಒಂದು ಕಣ್ಣು ಬಿಟ್ಟಳು. “ಕತ್ತಲಾಗ್ತಾ ಇದೆ ಅಜ್ಜಿ.”

“ಲುದ್ಯಾ, ದೀಪ ತಗೋ.”

“ದಾರೀಲಿ ಮುಳ್ಳು.”

“ಚಪ್ಪಲಿ ಹಾಕ್ಕೊಳ್ಳಿ ಎಲ್ಲರೂ.”

“ನನ್ನ ಸೊಂಟ...”

“ನನ್ನ ಮೊಣಕಾಲೇ ಬರ್ತಾ ಇದೆ, ನಿನ್ನ ಸೊಂಟಕ್ಕೇನು ಧಾಡಿ? ನಡಿ!”

ಹೆಂಗಸರು ಆಗಲೇ ಬೀದೀಲಿದ್ರು. ಪ್ರಾರ್ಥನೆಗೆ ಅಷ್ಟು ಆತುರ ಅವರು ಯಾವತ್ತೂ ಪಟ್ಟಿರಲಿಲ್ಲ. ಸುಜ್ಞಾನಮ್ಮನನ್ನ ಮುಂದೆ ಹಾಕ್ಕೊಂಡು, ಕೀರ್ತನೆ ಹಾಡ್ತಾ ಕೆರೆ ಏರಿ ಮೇಲೆ ಹೊರಟ್ರು. ಅಯ್ಯನವರು ಕಿಟಕೀಲಿ ಇಣುಕಿ ನೋಡಿ, ಭಾನುವಾರದ ನನ್ನ ಪ್ರಸಂಗ ಕೊನೆಗೂ ಕೆಲಸ ಮಾಡ್ತು ಅಂತ ಕಣ್ಣಲ್ಲಿ ನೀರು ತುಂಬ್ಕೊಂಡು ಹಿಂದೆ ಬಂದ್ರು. ಸಮಾಧಾನನೂ ಬಂದ.

ಮಂಟಪದ ಹತ್ರ ಬರ್ತಿದ್ದ ಹಾಗೆ ಎಲ್ಲರ ಕಾಲು ನಿಧಾನ ಆಯ್ತು. ಒಳಗೆ ತಬಿಥಾ ಬಗ್ಗಿ ಕೂತಿದ್ದಳು. ಅವಳ ಎದುರಿಗೆ ಕಂಬಳಿ ತಲೆ ಮೇಲೆ ಹೊದ್ದು, ಗೋಡೆ ಕಡೆ ಮುಖ ಮಾಡಿ ಒಬ್ಬ ಗಂಡಸು. ತಬಿಥಾ ದೀಪಗಳನ್ನ ನೋಡಿ ಗಾಬರಿಯಾಗಿ ಎದ್ದಳು.

“ಶುರು ಮಾಡು ಸುಜ್ಞಾನಾ,” ಅಂದಳು ರೂತಜ್ಜಿ. “ಜೋರಾಗಿ ಮಾಡು, ಎಲ್ಲರಿಗೂ ಕೇಳಲಿ. ಬುಧವಾರ ಬುಧವಾರ ಹೇಳಿದ್ದೆಲ್ಲ ಹೇಳು.”

ಸುಜ್ಞಾನಮ್ಮನಿಗೆ ಹಿಂದಕ್ಕೆ ದಾರಿ ಇರಲಿಲ್ಲ, ಹಿಂದೆ ಇಡೀ ಬೀದಿನೇ ನಿಂತಿತ್ತು. ಇನ್ನೇನು ಮಾಡ್ತಾಳೆ? ಅಭ್ಯಾಸಬಲ, ಸೆರಗು ತಲೆಗೆ ಎಳ್ಕೊಂಡಳು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಕಣ್ಣು ಮುಚ್ಚಿದ್ದೇ ತಡ, ನಾಲಿಗೆಗೆ ಧೈರ್ಯ ಬಂತು.

“ಕರ್ತನೇ, ಈ ದಾರಿ ತಪ್ಪಿದ ಹುಡುಗೀನ ನೋಡು. ಇವಳ ಎದುರಿಗೆ ಕೂತಿರೋ ಈ ಪಾಪೀನ ನೋಡು. ಎಲ್ಲಿಂದ ಬಂದನೋ, ಯಾವ ಮನೆಯವನೋ! ಇವನಿಗೆ ಮನೆ ಮಠ ಇಲ್ವಾ? ಮಗ ಇಲ್ವಾ, ಸೊಸೆ ಇಲ್ವಾ? ಇಂಥವನನ್ನ ಬೀದಿಗೆ ಬಿಟ್ಟ ಆ ಮನೆಯೋರು ಎಂಥ ಜನ ಇರಬೇಕು ಕರ್ತನೇ! ಅವರಿಗೆ ನಾಚಿಕೆ ಕೊಡು. ಅವರ ಗುಟ್ಟನ್ನ ಊರಿನ ಮುಂದೆ ಬಯಲು ಮಾಡು...”

ಹೆಂಗಸರ ಕಡೆಯಿಂದ ಒಂದು ಸದ್ದೂ ಇಲ್ಲ. ಇವಳು ಅದನ್ನ ಭಕ್ತಿ ಅಂದ್ಕೊಂಡು ಇನ್ನೂ ಸ್ವರ ಏರಿಸಿ ಪ್ರಾರ್ಥನೆ ಮುಗಿಸಿದಳು.

“ಆಮೆನ್,” ಅಂದ ಆ ಗಂಡಸು. ಅಂದು ಕೆಮ್ಮಿದ. ಕೆಮ್ಮಿ, “ಸುಜ್ಞಾನಾ, ಚೆನ್ನಾಗಿದೀಯೇನಮ್ಮಾ?” ಅಂದ.

ಸುಜ್ಞಾನಮ್ಮ ಕಣ್ಣು ಬಿಟ್ಟಳು. ಕಂಬಳಿ ಜಾರಿತ್ತು. ಲುದ್ಯಮ್ಮನ ಕೈಯ ದೀಪದ ಬೆಳಕಲ್ಲಿ ಅವಳ ಮಾವ ಎಲೀಷಪ್ಪ ಕೂತಿದ್ದ. ಕೈಯಲ್ಲಿ ರಾಗಿ ಅಂಬಲಿಯ ಬಟ್ಟಲು. ಮಂಡಿ ಮೇಲೆ ಚೂರು ಬಟ್ಟೆಗಳನ್ನ ಸೇರಿಸಿ ಹೊಲಿದ ಕೌದಿ, ಅದರಲ್ಲಿ ಅವಳ ಹಬ್ಬದ ರವಿಕೆಯ ನೀಲಿ ಚೂರೂ ಇತ್ತು. ತುಪ್ಪ ಮಾತ್ರ ಎಲ್ಲೂ ಕಾಣಲಿಲ್ಲ.

“ಮಾವಾ,” ಅಂದಳು. ಮುಂದಕ್ಕೆ ಮಾತು ಹೊರಡಲಿಲ್ಲ. ಅವಳ ಜೀವಮಾನದಲ್ಲಿ ಅದೇ ಮೊದಲು.

“ದೊಡ್ಡ ಮಗನ ಮನೇಲೂ ಜಾಗ ಇರಲಿಲ್ಲ ತಾಯಿ,” ಅಂದ ಮುದುಕ. “ಸತ್ತರೆ ನಮ್ಮ ಚರ್ಚಿನ ಗಂಟೆ ಕೇಳಿಸೋ ಕಡೆ ಸಾಯೋಣ ಅಂತ ವಾಪಸ್ ಬಂದೆ. ಮನೆಗೆ ಬಂದ್ರೆ ನೀನು ಊರಿಗೆಲ್ಲ ಹೇಳಿದ ಮಾತು ಸುಳ್ಳಾಗುತ್ತೆ, ನಿನಗೆ ಅವಮಾನ ಆಗುತ್ತೆ. ಅದಕ್ಕೇ ಇಲ್ಲಿ ಉಳ್ಕೊಂಡೆ. ಈ ಮಗು ಕೆರೆಗೆ ಬಟ್ಟೆ ಒಗೆಯೋಕೆ ಬಂದಾಗ ನನ್ನ ನೋಡ್ತು. ಯಾರಿಗೂ ಹೇಳಬೇಡಮ್ಮ, ಸೊಸೆ ಮಾನ ಹೋಗುತ್ತೆ ಅಂತ ಆಣೆ ಹಾಕಿಸ್ಕೊಂಡೆ.”

ಎಲ್ಲರೂ ತಬಿಥಾಳನ್ನ ನೋಡಿದ್ರು. ಬಟ್ಟೆ ವಾಪಸ್ ತಗೊಂಡು ಹೋದವರು ನೆಲ ನೋಡಿದ್ರು. ಗಿರಾಕಿ ಹೋದ್ರು, ಅರಮನೆ ಕೆಲಸ ಹೋಯ್ತು, ಮದುವೆ ಹೋಗೋದರಲ್ಲಿತ್ತು. ಅಷ್ಟೂ ಹೋಗ್ಲಿ ಅಂತ ಅವಳು ಬಾಯಿ ಮುಚ್ಚಿ ಕಾಪಾಡಿದ್ದು ಯಾರ ಮಾನ? ಸುಜ್ಞಾನಮ್ಮನದು!

“ನಾನೂ ಹೇಳಲ್ಲ ಅಂತ ಎಲೀಷಪ್ಪನಿಗೆ ಮಾತು ಕೊಟ್ಟಿದ್ದೆ,” ಅಂದಳು ರೂತಜ್ಜಿ. “ಅಂಬಲಿ ಕಾಯಿಸಿದ್ದು ನಾನಲ್ವಾ? ಮಾತು ತಪ್ಪಲಿಲ್ಲ. ನಾನೇನೂ ಹೇಳಲಿಲ್ಲ, ಬರೀ ಕರ್ಕೊಂಡು ಬಂದೆ. ಹೇಳಿದ್ದೆಲ್ಲ ಸುಜ್ಞಾನನೇ.”

ಲುದ್ಯಮ್ಮ ದೀಪ ಕೆಳಗಿಟ್ಟು ತಬಿಥಾಳ ಎರಡೂ ಕೈ ಹಿಡ್ಕೊಂಡಳು. “ನನ್ನ ಕಣ್ಣಲ್ಲಿ ಏನೂ ನೋಡದೆ ನಂಬಿಬಿಟ್ಟೆ ಮಗಳೇ, ಕ್ಷಮಿಸು,” ಅಂತ ಗೊಳೋ ಅಂತ ಅತ್ತಳು. ಮದುವೆ ಗುರುವಾರವೇ ಆಯ್ತು. ಗಂಟೆ ಹೊಡೆದದ್ದು ಯಾರು ಅಂತೀರಾ? ಎಲೀಷಪ್ಪ. ಕೆಮ್ಮು ಬಂದಾಗ ನಿಲ್ಲಿಸಿ, ಮತ್ತೆ ಹೊಡೆದ. ಹಿಂದಿನ ರಾತ್ರಿನೇ ಅವನನ್ನ ಮನೆಗೆ ಕೈ ಹಿಡಿದು ಕರ್ಕೊಂಡು ಹೋದವಳು ಸುಜ್ಞಾನಮ್ಮ. ಇಡೀ ಬೀದಿ ನೋಡ್ತಾ ಇದ್ದಾಗ ಬೇರೆ ದಾರಿನೂ ಇರಲಿಲ್ಲ ಬಿಡಿ. ಆದ್ರೆ ಆಮೇಲೆ ಯಾರೂ ನೋಡದೇ ಇದ್ದಾಗಲೂ ಅವನ ಅನ್ನಕ್ಕೆ ತುಪ್ಪ ಹಾಕ್ತಿದ್ದಳಂತೆ. ಅದನ್ನೂ ಹೇಳಬೇಕು, ಸತ್ಯ ಸತ್ಯನೇ.

ಆ ಬುಧವಾರ ರಾತ್ರಿ ಮಂಟಪದಿಂದ ಹಿಂದಿರುಗಿ ಬರೋವಾಗ ಹೆಂಗಸರ ನಾಲಿಗೆ ಕಡೀತಿತ್ತು, ಪಾಪ. ಎಂಥ ವಿಷಯ! ಒಬ್ಬಳು ತಡೆಯೋಕಾಗದೆ, “ಅಜ್ಜಿ, ಸುಜ್ಞಾನಕ್ಕನಿಗೋಸ್ಕರ ನಾಲ್ಕು ಜನಕ್ಕೆ ಹೇಳಿ ಪ್ರಾರ್ಥನೆ ಮಾಡಿಸೋಣ್ವಾ?” ಅಂದಳು.

ರೂತಜ್ಜಿ ಕೋಲು ಎತ್ತಿದಳು. “ಮಾಡಿಸು. ಮೊದಲು ಸುಜ್ಞಾನನ್ನ ನಿನ್ನ ಪಕ್ಕ ಕೂರಿಸ್ಕೊಂಡು, ಅವಳ ಕೈ ಹಿಡ್ಕೊಂಡು, ಕಣ್ಣು ಬಿಟ್ಕೊಂಡು ಮಾಡಿಸು.”

ಅಯ್ಯನವರಿಗೆ ಆ ಮಾತು ಹಿಡಿಸ್ತು. ಅವತ್ತಿಂದ ಆ ಬೀದೀಲಿ ಅದೇ ಪದ್ಧತಿ ಆಯ್ತು. ಯಾರ ವಿಷಯ ಹೇಳ್ತೀರೋ ಅವರು ಚಾಪೆ ಮೇಲೆ ಇರಬೇಕು. ಅವರ ಕೈ ಹಿಡ್ಕೊಂಡು, ಮುಖ ನೋಡ್ಕೊಂಡು ಹೇಳಬೇಕು. ಅಬ್ಬಾ, ಬುಧವಾರದ ಪ್ರಾರ್ಥನೆ ಎಷ್ಟು ಚಿಕ್ಕದಾಯ್ತು ಅಂತೀರಿ! ಒಲೆ ಮೇಲೆ ಅನ್ನಕ್ಕೆ ಇಟ್ಟು ಬಂದವರು ಅದು ಬೇಯೋದ್ರೊಳಗೆ ಮನೇಲಿರೋರು. ಮಗುವಿನ ಜ್ವರ, ಹಸುವಿನ ಗಬ್ಬ, ಅಷ್ಟೇ ಉಳೀತು.

ಸ್ವಲ್ಪ ದಿನ ಆದ ಮೇಲೆ ರಾಜ ಏನೋ ಅಪ್ಪಣೆ ಕೊಟ್ಟ. ಊರಿನಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. “ಏನಾಯ್ತೋ ನನ್ನ ಜನಕ್ಕೆ?” ಅಂತ ಗಾಬರಿಬಿದ್ದು ಕೆಂಚನಿಗೆ ಹೇಳಿ ಕಳಿಸಿದ. ಕೆಂಚ ಧೂಳು ಒರೆಸಿ ತಮಟೆ ಕಾಯಿಸ್ಕೊಂಡ. ಕ್ರೈಸ್ತರ ಬೀದಿಗೆ ಬಂದು “ಕೇಳ್ರಪ್ಪೋ ಕೇಳಿ” ಅಂದಾಗ ಎಲ್ಲರೂ ಬಾಗಿಲಿಗೆ ಬಂದು, “ಏನಂತೆ, ಏನಂತೆ?” ಅಂದ್ರು. ಅವನಿಗೆ ಆದ ಸಂತೋಷ ಹೇಳತೀರದು.

ಸುಜ್ಞಾನಮ್ಮ ಮುಂದಿನ ಹಬ್ಬಕ್ಕೆ ತಬಿಥಾಳ ಹತ್ರಾನೇ ಹೊಲಿಯೋಕೆ ಕೊಟ್ಟಳು. ಈ ಸಲ ಅಳತೆಗೆ ಹೋದ ವರ್ಷದ ರವಿಕೆ ಕೊಟ್ಟಳು, ತೋಳು ಹರಿದದ್ದನ್ನ. “ಇದಕ್ಕಿಂತ ಎರಡು ಬೆರಳು ಜಾಸ್ತಿ ಇಡಮ್ಮ,” ಅಂದಳು. ತಬಿಥಾ ಮೂರು ಬೆರಳು ಜಾಸ್ತಿ ಇಟ್ಟಳು. ಯಾರಿಗೂ ಹೇಳಲಿಲ್ಲ. ಮತ್ತೆ ನಿನಗೆ ಹೇಗೆ ಗೊತ್ತಜ್ಜಿ ಅಂತ ಕೇಳಬೇಡಿ.

ಇದರ ನೀತಿ ಏನು ಅಂದ್ರೆ, ಒಬ್ಬರ ಮುಖ ನೋಡಿ ಹೇಳೋಕಾಗದ ಮಾತನ್ನ ಅವರ ಬೆನ್ನ ಹಿಂದೆ ಹೇಳಬೇಡಿ. ಅದಕ್ಕೆ ಪ್ರಾರ್ಥನೆಯ ಸೆರಗು ಹೊದಿಸಿ ಹೇಳಲೇಬೇಡಿ. ದೇವರಿಗೆ ಸುದ್ದಿ ಮುಟ್ಟಿಸೋರು ಬೇಕಾಗಿಲ್ಲ, ಅವನಿಗೆ ಎಲ್ಲ ಗೊತ್ತಿದೆ. ನಿಮ್ಮ ನಾಲಿಗೆಗೆ ನೀವೇ ಕಾವಲು ಇರಿ.

ಈಗ ಏಳಿ, ಮನೆಗೆ ಹೋಗಿ. ನಿಮ್ಮಲ್ಲಿ ಅರ್ಧ ಜನ ಏನು ಯೋಚನೆ ಮಾಡ್ತಿದೀರಿ ಅಂತ ನನಗೆ ಗೊತ್ತು. “ಈ ಕಥೇನ ನಮ್ಮ ಪಕ್ಕದ ಮನೆಯವಳು ಕೇಳಬೇಕಿತ್ತು” ಅಂತ ತಾನೇ? ಅವಳು ನಿನ್ನೆ ಬಂದು ಕೇಳ್ಕೊಂಡು ಹೋದಳು. ಹೋಗ್ತಾ ಅವಳೂ ಅದೇ ಮಾತು ಅಂದಳು. ಯಾರ ಬಗ್ಗೆ ಅಂದಳು ಅಂತ ನಾನು ಹೇಳಲ್ಲ.